ಪರ್ಮಿಟ್ ಸಿಮೆಂಟಿನ ಡಂಬೆಲ್ಸು

ಪರ್ಮಿಟ್ ಸಿಮೆಂಟಿನಿಂದ ಕಟ್ಟಿದ್ದನ್ನು ಯಾರೂ ಕದಲಿಸಲಾರರು ಎಂದು 1980ರಲ್ಲಿ ಗಂಗಾನಗರದ ಎಲ್ಲರೂ ನಂಬಿದ್ದರು. ನಂಬಲು ಕಾರಣವೂ ಇತ್ತು. ಒಂದು ಚೀಲ ಸಿಮೆಂಟಿಗೆ ಸರ್ಕಾರಕ್ಕೆ ಅರ್ಜಿ ಹಾಕಿದರೆ ಅದು ಕೈಸೇರುವ ಹೊತ್ತಿಗೆ ಗೋಡೆ ಕಟ್ಟಬೇಕೆಂಬ ಆಸೆ ಸತ್ತಿರುತ್ತಿತ್ತು, ಕೆಲವೊಮ್ಮೆ ಅರ್ಜಿದಾರನೂ. ಅಷ್ಟು ಕಾಯಿಸಿ ಬಂದದ್ದು ಸುಲಭವಾಗಿ ಅಲ್ಲಾಡುವುದು ನ್ಯಾಯವಲ್ಲ ಎಂಬುದು ಜನರ ಅಭಿಪ್ರಾಯ. ಅದನ್ನು ಅಲ್ಲಾಡಿಸುವುದು ಅಪರಾಧ ಎಂಬುದು ಸರ್ಕಾರದ ಅಭಿಪ್ರಾಯ. ಜನ ಮತ್ತು ಸರ್ಕಾರ ಒಂದೇ ಮಾತು ಹೇಳುವುದು ಅಪರೂಪವಾದ್ದರಿಂದ ಇದನ್ನು ಸತ್ಯವೆಂದೇ ಎಣಿಸಲಾಗಿತ್ತು.

ರಾಣೆಬೆನ್ನೂರು ಕಡೆಯ ಪಂಚಪ್ಪ ಆಗ ಹೆಬ್ಬಾಳದ ಪಶು ಆಹಾರ ಮಂಡಳಿಯ ಉಗ್ರಾಣದಲ್ಲಿ ಹಂಗಾಮಿ ಸಹಾಯಕನಾಗಿದ್ದ. ಒಂಬತ್ತು ವರ್ಷದಿಂದ ಹಂಗಾಮಿ. ಹಿಂಡಿಯ ಚೀಲ ಒಳಗೆ ಬಂದರೆ 'ಬಂತು' ಎಂದೂ ಹೊರಗೆ ಹೋದರೆ 'ಹೋಯಿತು' ಎಂದೂ ಬರೆಯುವುದು ಅವನ ಕೆಲಸ. ಬರುವ ಹೋಗುವ ಚೀಲಗಳನ್ನು ಹೊರುವುದು ದಿನಗೂಲಿ ಹಮಾಲಿ ಅಕ್ಬರ್ ಪಾಷಾನ ಕೆಲಸ. ಅವನು ಬೆನ್ನ ಮೇಲೆ ಒಂದು ಚೀಲ, ಅದರ ಮೇಲೆ ಇನ್ನೊಂದು ಚೀಲ ಹಾಕಿಸಿಕೊಂಡು, ಬಾಯಲ್ಲಿ ಬೀಡಿ ಇಟ್ಟುಕೊಂಡು ನಡೆಯುತ್ತಿದ್ದ. ಬೀಡಿ ಭಾರ ಅನ್ನಿಸಿದಾಗ ಉಗುಳುತ್ತಿದ್ದ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮಂಡಳಿಯಿಂದ ಒಂದು ಸುತ್ತೋಲೆ ಬಂತು.

'ಉಗ್ರಾಣದ ಹಂಗಾಮಿ ಹಾಗೂ ದಿನಗೂಲಿ ನೌಕರರನ್ನು ಖಾಯಂಗೊಳಿಸುವ ಮುನ್ನ ಅವರ ಕಾರ್ಯೋಪಯೋಗಿ ದೈಹಿಕ ಬಲವನ್ನು ಪರೀಕ್ಷಿಸತಕ್ಕದ್ದು. ಸದರಿ ಬಲವನ್ನು ನೌಕರರು ತಮ್ಮ ಮನೆಯಲ್ಲಿ, ಕಚೇರಿ ವೇಳೆಯ ಹೊರಗೆ, ಸ್ವಂತ ಕೈಯಿಂದ ತಯಾರಿಸಿದ ಸರಳ ಸಾಧನಗಳ ಮೂಲಕ ಬೆಳೆಸಿಕೊಳ್ಳತಕ್ಕದ್ದು. ಸಾಧನದ ಸಾಮಗ್ರಿಯು ಅಧಿಕೃತ ಮೂಲದ್ದಾಗಿರತಕ್ಕದ್ದು. ಪರೀಕ್ಷೆಯನ್ನು ಅದೇ ಸಾಧನದಿಂದ ನಡೆಸತಕ್ಕದ್ದು. ಬಲ ಕಂಡುಬಾರದ ಹಂಗಾಮಿ ಸಹಾಯಕರ ಸೇವೆಯು ಮಾರ್ಚ್ ಕೊನೆಗೆ ಮುಕ್ತಾಯಗೊಳ್ಳತಕ್ಕದ್ದು.'

ಪಂಚಪ್ಪ ಇದನ್ನು ಎರಡು ಸಲ ಓದಿ ತನ್ನ ತೋಳು ನೋಡಿಕೊಂಡ. ಅದು ಅಂಗಿಯ ತೋಳಿನೊಳಗೆ ಗಂಟೆಯ ನಾಲಗೆಯ ಹಾಗೆ ಆಡುತ್ತಿತ್ತು. ಸೇವೆ ಮುಕ್ತಾಯಗೊಂಡರೆ ಹೋಗುವ ಜಾಗ ಗೊತ್ತಿತ್ತು. ರಾಣೆಬೆನ್ನೂರಿನಲ್ಲಿ ಹೆಂಡತಿಯ ಅಣ್ಣನದು ಮೆಣಸಿನಕಾಯಿ ಮಂಡಿ. ಅಲ್ಲಿ ಪಂಚಪ್ಪನಿಗಾಗಿ ಒಂದು ಚಾಪೆ ಮದುವೆಯಾದ ದಿನದಿಂದ ಹಾಸಿಯೇ ಇತ್ತು. ಭಾವ ಪ್ರತಿ ವರ್ಷ ಕಾಗದ ಬರೆದು ಚಾಪೆ ಇನ್ನೂ ಹರಿದಿಲ್ಲ ಎಂದು ತಿಳಿಸುತ್ತಿದ್ದ. ಪಂಚಪ್ಪನಿಗೆ ಮೆಣಸಿನಕಾಯಿ ಘಾಟಿಗೆ ಸೀನು, ಭಾವನ ಮಾತಿಗೆ ಹೊಟ್ಟೆಯುರಿ. ಎರಡನ್ನೂ ಒಂದೇ ಚಾಪೆಯ ಮೇಲೆ ಕೂತು ಅನುಭವಿಸುವುದು ಅವನಿಗೆ ಬೇಡವಾಗಿತ್ತು.

"ಒಳಕಲ್ಲು ಐತಲ್ಲ, ಅದನ್ನ ಎತ್ರಿ," ಎಂದಳು ಹೆಂಡತಿ ರತ್ನವ್ವ.

"ಅದಕ್ಕ ರಸೀದಿ ಎಲ್ಲೈತಿ?"

"ನಮ್ಮಪ್ಪ ಕೊಟ್ಟಾನ."

"ನಿಮ್ಮಪ್ಪ ಅಧಿಕೃತ ಮೂಲ ಅಲ್ಲ."

ರತ್ನವ್ವ ಇದನ್ನು ಒಪ್ಪಿಕೊಂಡು ಒಳಕಲ್ಲಿನಲ್ಲಿ ಹಿಟ್ಟು ರುಬ್ಬಲು ಹೋದಳು.

ಪಕ್ಕದ ಮನೆಯ ನೂರುಲ್ಲಾನಿಗೆ ಸೈಕಲ್ ಅಂಗಡಿ ಇತ್ತು. ಹಿಂದೆ ಗರಡಿಯಲ್ಲಿ ಮಣ್ಣು ಹೊತ್ತವನು; ಈಗ ಹೊಟ್ಟೆ ಹೊತ್ತಿದ್ದ. ಪಂಚಪ್ಪನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಮಾರುಕಟ್ಟೆಯಲ್ಲಿ ಬದನೆಕಾಯಿ ನೋಡುವವನ ಹಾಗೆ ನೋಡಿ, ಬಿಟ್ಟ.

"ಏನ್ ದೊಡ್ಡ ವಿಷಯ ಗುರು. ಎರಡು ಡಾಲ್ಡಾ ಡಬ್ಬ, ಒಂದು ಪೈಪು. ಡಬ್ಬಕ್ಕೆ ಕಾಂಕ್ರೀಟ್ ತುಂಬಿ ಪೈಪು ಸಿಗಿಸಿದ್ರೆ ಡಂಬೆಲ್ಸು ರೆಡಿ. ಡಬ್ಬ ನಮ್ಮ ಮನೆ ಮದುವೆದು ಇದೆ. ಪೈಪು ಅಂಗಡೀಲಿದೆ, ಎರಡಕ್ಕೂ ಬಿಲ್ಲು ಬರ್ಕೊಡ್ತೀನಿ. ಸಿಮೆಂಟು ಮಾತ್ರ ಅಲ್ಲಾ ಕೊಡ್ಬೇಕು."

"ಅಲ್ಲಾ ಕೊಟ್ರ ರಸೀದಿ ಸಿಗೂದಿಲ್ಲೋ ನೂರುಲ್ಲಾ."

"ಹಂಗಾದ್ರೆ ಪರ್ಮಿಟ್ಟೇ ಗತಿ. ಹೋಗು. ಹೋಗೋವಾಗ ಊಟ ಕಟ್ಕೊಂಡು ಹೋಗು."

ಸಿಮೆಂಟ್ ಪರ್ಮಿಟ್ ಕಚೇರಿಯಲ್ಲಿ ಕೃಷ್ಣಯ್ಯ ಎಂಬ ಗುಮಾಸ್ತರಿದ್ದರು. ಅವರು ಇಪ್ಪತ್ತು ವರ್ಷಗಳಿಂದ ಅರ್ಜಿಗಳನ್ನು ತಿರಸ್ಕರಿಸುತ್ತ ಬಂದಿದ್ದರೂ ಒಬ್ಬರ ಮೇಲೂ ದ್ವೇಷವಿಟ್ಟುಕೊಂಡವರಲ್ಲ.

"ಉದ್ದೇಶ?"

"ಶಕ್ತಿ ಬೆಳೆಸೂದ್ರಿ."

"ಅದಕ್ಕೆ ಕಲಂ ಇಲ್ಲ. ಮನೆ, ಪಾಯಖಾನೆ, ಬಾವಿ, ಗೋರಿ. ಯಾವುದು ಹೇಳಿ."

ಪಂಚಪ್ಪ ನಾಲ್ಕನ್ನೂ ಯೋಚಿಸಿದ.

"ಗೋರಿ ಬೇಗ ಆಗುತ್ತೆ ಕಣ್ರೀ," ಎಂದರು ಕೃಷ್ಣಯ್ಯ, ಕನಿಕರದಿಂದ. "ಅದಕ್ಕೆ ಯಾರೂ ತಕರಾರು ತೆಗೆಯಲ್ಲ."

"ಯಾರೂ ಸತ್ತಿಲ್ರಿ."

"ಅದೇ ನೋಡಿ. ಜನ ಬರ್ತಾರೆ, ಸರಿಯಾದ ದಾಖಲೆ ತರಲ್ಲ." ಕೃಷ್ಣಯ್ಯ ಹಾಳೆ ತಿರುವಿ ಕೆಳಗೆ ಸಣ್ಣಕ್ಷರದಲ್ಲಿದ್ದ ಸಾಲನ್ನು ತೋರಿಸಿದರು. "ಇಲ್ಲಿದೆ. ಇತರೆ ಸ್ಥಿರ ನಿರ್ಮಾಣ. ಇದಕ್ಕೆ ಹಾಕಿ."

"ಸ್ಥಿರ ಅಂದ್ರ ಅಲ್ಲಾಡಬಾರದಲ್ರಿ. ಇದನ್ನ ಎತ್ತೂದು ಐತಿ."

"ಬರೆಯೋಕೆ ತಾನೇ? ಸೈನ್ ಹಾಕಿ. ಇನ್ನೊಬ್ಬರು ನಿಂತಿದಾರೆ."

ಪಂಚಪ್ಪ ಸಹಿ ಹಾಕಿದ. ವಿವರದ ಜಾಗದಲ್ಲಿ ಕೃಷ್ಣಯ್ಯನವರೇ ಬರೆದರು: ಎರಡು ದುಂಡು ಕಂಬ, ನಡುವೆ ಒಂದು ಕಬ್ಬಿಣದ ತೊಲೆ, ಮಲಗಿದ ಸ್ಥಿತಿಯಲ್ಲಿ. ಸ್ಥಿರ ನಿರ್ಮಾಣಕ್ಕೆ ನಕ್ಷೆ ಬೇಕಾದ್ದರಿಂದ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಂದ ನಕ್ಷೆ ಬರೆಸಲಾಯಿತು. ಅವನು ಡಂಬೆಲ್ಸಿನ ಮುನ್ನೋಟ, ಹಿನ್ನೋಟ, ಪಾರ್ಶ್ವನೋಟ ಬರೆದು, ಗಾಳಿ ಬೀಸುವ ದಿಕ್ಕನ್ನೂ ಬಾಣ ಹಾಕಿ ತೋರಿಸಿದ. ಮುನ್ನೋಟಕ್ಕೂ ಹಿನ್ನೋಟಕ್ಕೂ ವ್ಯತ್ಯಾಸವಿಲ್ಲವೆಂದು ಒಮ್ಮೆ ವಾಪಸು ಬಂತು. ಹಿನ್ನೋಟದಲ್ಲಿ ಒಂದು ಮರ ಸೇರಿಸಿದ ಮೇಲೆ ಮಂಜೂರಾಯಿತು.

ಜನವರಿಯಲ್ಲಿ ಸಿಮೆಂಟು ಬಂತು. ಮಂಜೂರಾದದ್ದು ಒಂದು ಚೀಲ, ಬಂದದ್ದು ಅರ್ಧ. ಸಾಗಣೆಯಲ್ಲಿ ಅರ್ಧ ಸೋರುತ್ತದೆ ಎಂಬುದು ಅನುಭವದಿಂದ ಗೊತ್ತಾಗಿದ್ದರಿಂದ ಆ ಅರ್ಧವನ್ನು ಕಚೇರಿಯಲ್ಲೇ ಮುಂಗಡವಾಗಿ ಸೋರಿಸಿಕೊಳ್ಳುವ ಪದ್ಧತಿಯಿತ್ತು. ಇದರಿಂದ ರಸ್ತೆ ಗಲೀಜಾಗುವುದು ತಪ್ಪುತ್ತಿತ್ತು.

ನೂರುಲ್ಲಾ ಅಂಗಳದಲ್ಲಿ ಕೂತು ಮರಳು, ಜಲ್ಲಿ, ಸಿಮೆಂಟು ಕಲಸಿದ. ಡಬ್ಬಗಳಿಗೆ ತುಂಬಿ, ಪೈಪು ನೆಟ್ಟು, ಮೆಟ್ಟಿಲ ಪಕ್ಕದಲ್ಲಿ ಮಲಗಿಸಿದ. ಉಳಿದ ಸಿಮೆಂಟಿನಲ್ಲಿ ಅವನ ಅಂಗಡಿಯ ನೆಲದ ಬಿರುಕು ಮುಚ್ಚಿತು. ಮೂರು ವಾರ ರತ್ನವ್ವ ಡಂಬೆಲ್ಸಿಗೆ ಗೋಣಿತಾಟು ಹೊದಿಸಿ, ತೊಟ್ಟಿಯಿಂದ ಕೊಡದಲ್ಲಿ ನೀರು ತಂದು ತಂದು ಸುರಿದಳು. ಅಷ್ಟು ದಿನವೂ ಪಂಚಪ್ಪ ಮೆಟ್ಟಿಲ ಮೇಲೆ ಕೂತು ಮಾನಸಿಕವಾಗಿ ಸಿದ್ಧನಾದ.

ಫೆಬ್ರವರಿಯ ಒಂದು ಭಾನುವಾರ ಅವನು ಪಂಚೆ ಎತ್ತಿ ಕಟ್ಟಿ, ಕೈಗೆ ಮಣ್ಣು ಉಜ್ಜಿಕೊಂಡು, ಮನೆದೇವರನ್ನು ನೆನೆದು ಬಗ್ಗಿದ.

"ನಿಲ್ರಿ," ಎಂದಿತು ಗೇಟಿನ ಕಡೆಯಿಂದ ಒಂದು ಧ್ವನಿ. "ಏನ್ ಮಾಡಾಕ ಹತ್ತೀರಿ?"

ಸ್ಥಳ ಪರಿಶೀಲನೆಗೆ ಬಂದ ಕಿರಿಯ ಇಂಜಿನಿಯರ್ ಮುರಿಗೆಪ್ಪ ಅದು. ಕಂಕುಳಲ್ಲಿ ಟೇಪು, ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ.

"ಎತ್ತಾಕ ಹೊಂಟೇನ್ರಿ."

"ಸ್ಥಿರ ನಿರ್ಮಾಣ ಎತ್ತೂದೇನ್ರಿ? ಇವತ್ತ ಇದನ್ನ ಎತ್ತತೀರಿ, ನಾಳೆ ಇನ್ನೊಬ್ಬ ಬಾವಿ ಎತ್ತತಾನ. ಪರ್ಮಿಟ್ ಸಿಮೆಂಟು ಹಾಕಿದ್ದು ಜಾಗ ಬಿಟ್ಟು ಕದಲಿದ್ರ ದುರುಪಯೋಗ ಅಂತ ಕೇಸು ಆಕ್ಕೈತಿ. ಯಾವ ಕಡೆಯವರು ನೀವು?"

"ರಾಣೆಬೆನ್ನೂರು ಕಡೆ."

"ಛೇ, ನಮ್ಮ ಕಡೆಯವರು." ಮುರಿಗೆಪ್ಪನ ಮುಖ ಮೆತ್ತಗಾಯಿತು. "ಅದಕ್ಕ ಬಿಟ್ಟೇನಿ. ನೀವಿನ್ನೂ ಬರೇ ಬಗ್ಗಿದ್ರಿ ಅಂತ ಬರೀತೀನಿ."

ಅವನು ಅಳತೆ ಹಿಡಿದು, ಎರಡೂ ಡಬ್ಬಗಳ ಸುತ್ತ ನೆಲದ ಮೇಲೆ ಕೆಂಪು ಗೆರೆ ಎಳೆದ. ಗೆರೆಯಿಂದ ಕೂದಲೆಳೆ ಆಚೀಚೆಯಾದರೂ ವರ್ಷದ ತಪಾಸಣೆಯಲ್ಲಿ ಗೊತ್ತಾಗುತ್ತದೆ ಎಂದು ತಿಳಿಸಿದ.

"ಮುಟ್ಟಬಹುದೇನ್ರಿ?" ಎಂದ ಪಂಚಪ್ಪ.

ಮುರಿಗೆಪ್ಪ ಯೋಚಿಸಿದ. "ದುರಸ್ತಿ, ಸುಣ್ಣ ಬಣ್ಣ, ಅಷ್ಟಕ್ಕ ಮುಟ್ಟಬಹುದು. ಎತ್ತೂ ಉದ್ದೇಶ ಇರಬಾರದು."

"ಅದರ ಕೆಳಗ ಕಸಾ ಕೂಡ್ತೈತಲ್ರಿ?" ಎಂದು ರತ್ನವ್ವ ಬಾಗಿಲಿನಿಂದ ಕೇಳಿದಳು.

"ಕಸಾ ನಮ್ಮ ವಿಭಾಗ ಅಲ್ಲಬೇ."

ಮರುವಾರ ಗೋಡೆಯ ಮೇಲೆ ಒಂದು ತಗಡಿನ ಫಲಕ ಬಂತು: 'ಇದು ಅಧಿಕೃತ ಸ್ಥಿರ ನಿರ್ಮಾಣ. ಎತ್ತುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು.'

ಫಲಕ ಓದಿದ ಮನೆಯ ಮಾಲೀಕ ಚಿಕ್ಕಮುನಿಯಪ್ಪ ಅಂದೇ ಸಂಜೆ ಬಂದ. ಗಂಗಾನಗರ ಹೊಲವಾಗಿದ್ದಾಗ ಅಲ್ಲಿ ರಾಗಿ ಬೆಳೆದವನು. ಈಗ ಬಾಡಿಗೆ ಬೆಳೆಯುತ್ತಿದ್ದ.

"ಏನ್ ಪಂಚಪ್ಪ, ನನ್ ಜಾಗ್ದಾಗೆ ಕಟ್ಟಡ ಎಬ್ಬಿಸಿದೀಯಂತೆ?"

"ಡಂಬೆಲ್ಸ್ ರೀ."

"ಎಸ್ರು ಏನಾರ ಇರ್ಲಿ. ಸರ್ಕಾರದೋರೇ ಬೋರ್ಡ್ ಆಕವ್ರೆ. ಇಂಗೆ ಸೌಕರ್ಯ ಎಚ್ಚಿದ್ಮೇಲೆ ಬಾಡ್ಗೇನೂ ಎಚ್ಬೇಕಲ್ವಾ? ನಾನೇನ್ ಅನ್ಯಾಯ ಏಳ್ತಿಲ್ಲ. ಮನೆ ಬಿಡೋವಾಗ ಇದನ್ನ ಇಲ್ಲೇ ಬಿಟ್ಟೋಗ್ಬೇಕು."

"ಒಯ್ಯಾಕ ಬರೂದಿಲ್ಲ ಬಿಡ್ರಿ."

"ಅಂಗನ್ನು ಮತ್ತೆ," ಎಂದು ಚಿಕ್ಕಮುನಿಯಪ್ಪ ಸಮಾಧಾನದಿಂದ ಹೋದ. ಬಾಡಿಗೆ ಏರಿತು.

ಮಾರ್ಚ್ ಹತ್ತಿರ ಬರುತ್ತಿತ್ತು. ಪಂಚಪ್ಪ ದಿನಾ ಸಂಜೆ ಡಂಬೆಲ್ಸಿನ ಪಕ್ಕ ನಿಂತು, ಎತ್ತುವ ಉದ್ದೇಶವಿಲ್ಲದೆ ಅದನ್ನು ಹಿಡಿದು, ಎತ್ತದೆ ಬಿಡುತ್ತಿದ್ದ. ಇದರಿಂದ ಅವನ ಸೊಂಟ ಹಿಡಿದುಕೊಂಡಿತು; ಬಲ ಬರುವ ಮೊದಲು ನೋವು ಬರುತ್ತದೆ ಎಂದು ನೂರುಲ್ಲಾ ಧೈರ್ಯ ಹೇಳಿದ. ಕೊನೆಗೆ ತಡೆಯದೆ ಪಂಚಪ್ಪ ರಜೆ ಹಾಕಿ ಮತ್ತೆ ಕೃಷ್ಣಯ್ಯನವರ ಮುಂದೆ ನಿಂತ.

"ಎಷ್ಟು ಎತ್ತರಕ್ಕೆ ಎತ್ತಬೇಕು ಅಂತೀರಿ?"

"ಎದೀಮಟ ಆದ್ರ ಸಾಕ್ರಿ."

"ನೆಲ ಬಿಟ್ಟು ಎದೆ ಎತ್ತರ." ಕೃಷ್ಣಯ್ಯ ಗಾಳಿಯಲ್ಲಿ ಕೈಯಿಂದ ಅಳೆದರು. "ಅದು ಮೊದಲನೇ ಅಂತಸ್ತಾಯ್ತು. ನಿಮಗೆ ಕೊಟ್ಟಿರೋದು ನೆಲಮಹಡಿಗೆ ಮಾತ್ರ. ಮೇಲಂತಸ್ತಿಗೆ ಬೇರೆ ನಕ್ಷೆ, ಬೇರೆ ಸಿಮೆಂಟು."

"ಸಿಮೆಂಟ್ ಬ್ಯಾಡ್ರಿ. ಅದನ್ನ ಮ್ಯಾಲ ಒಯ್ದು ಕೆಳಗ ಇಡೂದು, ಅಷ್ಟ."

"ಮೇಲಂತಸ್ತು ಕಟ್ಟಿ ತಕ್ಷಣ ಕೆಡವ್ತೀನಿ ಅಂತೀರಾ? ಕೆಡವೋದಕ್ಕೆ ಇನ್ನೊಂದು ಅರ್ಜಿ ಹಾಕ್ಬೇಕು. ದಿನಕ್ಕೆ ಎಷ್ಟು ಸಲ?"

ಪಂಚಪ್ಪ ನಮಸ್ಕಾರ ಮಾಡಿ ಹೊರಟ. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಕಾರಣವಿಲ್ಲದೆ ಎರಡು ಸೀನು ಬಂದವು. ಮನೆಗೆ ಬಂದು ರತ್ನವ್ವನಿಗೆ, "ನಿಮ್ಮಣ್ಣಗ ಕಾಗದ ಬರಿ," ಎಂದ.

"ನೀವ ಬರೀರಿ. ನನಗ ಅಂಗಳಾ ಬಳಿಯೂದು ಐತಿ."

ಪರೀಕ್ಷೆ ಮಾರ್ಚ್ ಮೂರನೆಯ ವಾರ ಉಗ್ರಾಣದ ಮುಂದಿನ ಬಯಲಲ್ಲಿ ನಡೆಯಿತು. ಹುಣಿಸೆಮರದ ಕೆಳಗೆ ಒಂದು ದೊಡ್ಡ ಮೇಜು, ಅದರ ಹಿಂದೆ ಉಗ್ರಾಣಾಧಿಕಾರಿಗಳು ಮತ್ತು ಇಬ್ಬರು ಸದಸ್ಯರು. ಮೇಜನ್ನು ಅಕ್ಬರ್ ಪಾಷಾ ತಂದಿಟ್ಟಿದ್ದ.

ಮೊದಲು ಬಂದ ಹಂಗಾಮಿ ನೌಕರ ಮರಳು ತುಂಬಿದ ಚೀಲವನ್ನು ತಲೆಯ ಮೇಲೆ ಎತ್ತಿ ನಿಂತ. ಮರಳು ಯಾವ ಹೊಳೆಯದು ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಎತ್ತಿದ ಕೈಯನ್ನು ಇಳಿಸುವ ಮೊದಲೇ ಅವನು ಅನುತ್ತೀರ್ಣನಾದ. ಎರಡನೆಯವನು ಹಗ್ಗಕ್ಕೆ ಇಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಇಟ್ಟಿಗೆಯ ಮೇಲೆ ಮಂಡಳಿಯದೇ ಕಾಂಪೌಂಡಿನ ಬಣ್ಣವಿತ್ತು.

ಮೂರನೆಯವನು ಅಕ್ಬರ್ ಪಾಷಾ. ಬರಿಗೈಯಲ್ಲಿ ಬಂದ.

"ಸಾಧನ ಎಲ್ಲಿ?"

"ಏನಿಲ್ಲ ಸಾರ್. ಹಿಂಡಿ ಚೀಲ ಎತ್ತಿ ತೋರಿಸ್ಲಾ? ಎಷ್ಟು ಬೇಕು ಹೇಳಿ."

"ಚೀಲ ಕಚೇರಿದು. ಮನೆಯಲ್ಲಿ ಏನು ಎತ್ತುತ್ತೀರಿ?"

"ಮನೇಲಾ?" ಅಕ್ಬರ್ ಪಾಷಾ ನಿಜವಾಗಿ ಯೋಚಿಸಿದ. "ಮನೇಲಿ ಏನೂ ಎತ್ತಲ್ಲ ಸಾರ್. ಮಲಗ್ತೀನಿ."

ಸದಸ್ಯರು ತಮ್ಮಲ್ಲೇ ಮಾತಾಡಿಕೊಂಡರು. ಕಚೇರಿ ವೇಳೆಯಲ್ಲಿ, ಕಚೇರಿಯ ಚೀಲಗಳಿಂದ ಬೆಳೆಸಿದ ಬಲವು ಮಂಡಳಿಯ ಆಸ್ತಿಯೆಂದೂ, ಅದನ್ನು ಸ್ವಂತದ್ದೆಂದು ಹಾಜರುಪಡಿಸುವುದು ಸರಿಯಲ್ಲವೆಂದೂ ತೀರ್ಮಾನವಾಯಿತು. ಇಷ್ಟು ವರ್ಷ ಅದನ್ನು ಮೈಮೇಲೆ ಹಾಕಿಕೊಂಡು ಮನೆಗೆ ಒಯ್ದಿದ್ದಕ್ಕೆ ದಂಡ ವಿಧಿಸದೆ ಎಚ್ಚರಿಕೆ ಕೊಟ್ಟು ಬಿಡಲಾಯಿತು. ಅವನು ದಿನಗೂಲಿಯಲ್ಲೇ ಮುಂದುವರಿಯಬಹುದಿತ್ತು.

ಪಂಚಪ್ಪನ ಸರದಿ ಬಂತು. ಅವನ ಕೈಯಲ್ಲಿ ಪರ್ಮಿಟ್ಟು, ನಕ್ಷೆ, ಮುರಿಗೆಪ್ಪನ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ.

"ಸಾಧನ ಎಲ್ಲಿ?"

"ಮನ್ಯಾಗ ಐತ್ರಿ. ತರಾಕ ಬರೂದಿಲ್ಲ."

"ತರದಿದ್ದರೆ ಎತ್ತಿ ತೋರಿಸೋದು ಹೇಗೆ?"

"ಎತ್ತಾಕೂ ಬರೂದಿಲ್ರಿ."

"ಯಾಕೆ, ಶಕ್ತಿ ಇಲ್ವಾ?"

"ಪರವಾನಗಿ ಇಲ್ರಿ."

ಉಗ್ರಾಣಾಧಿಕಾರಿಗಳು ಕನ್ನಡಕ ಹಾಕಿಕೊಂಡು ಕಾಗದಗಳನ್ನು ಒಂದೊಂದಾಗಿ ಓದಿದರು. ಮೊಹರು ಬೆಳಕಿಗೆ ಹಿಡಿದು ನೋಡಿದರು. ನಕ್ಷೆಯ ಮರವನ್ನು ಬೆರಳಿನಿಂದ ಮುಟ್ಟಿದರು.

"ನನ್ನ ಸರ್ವೀಸಿನಲ್ಲಿ," ಎಂದರು ನಿಧಾನವಾಗಿ, "ಕಾಗದ ಸರಿಯಾಗಿಟ್ಟುಕೊಂಡ ಬಲಶಾಲಿಯನ್ನ ಇದೇ ಮೊದಲು ನೋಡ್ತಿರೋದು."

"ಒಂದ್ಸಲ ಹಿಂಡಿ ಚೀಲ ಎತ್ತಿಸಿ ನೋಡಿದ್ರೆ?" ಎಂದ ಒಬ್ಬ ಸದಸ್ಯ.

"ಈಗಷ್ಟೇ ಹೇಳಿದ್ವಲ್ರೀ, ಚೀಲ ಕಚೇರಿದು. ಒಬ್ಬರಿಗೊಂದು ನ್ಯಾಯವಾ?"

ಸಮಿತಿಯ ನಿರ್ಣಯ ಹೀಗಿತ್ತು: ಅಭ್ಯರ್ಥಿಯ ಸಾಧನವು ಅಧಿಕೃತ ಮೂಲದ್ದಾಗಿದೆ. ಸದರಿ ಸಾಧನವನ್ನು ಯಾರೂ ಎತ್ತತಕ್ಕದ್ದಲ್ಲ. ಆದ್ದರಿಂದ ಅಭ್ಯರ್ಥಿಯು ಎತ್ತದಿರುವುದು ಕಾನೂನಿನ ಪಾಲನೆಯೇ ಹೊರತು ದೌರ್ಬಲ್ಯವಲ್ಲ. ಬೇರೆ ಯಾರೂ ಅದನ್ನು ಎತ್ತಿದ ದಾಖಲೆ ಇಲ್ಲದಿರುವುದರಿಂದ ಅಭ್ಯರ್ಥಿಯ ಬಲವು ಯಾರಿಗಿಂತಲೂ ಕಡಿಮೆಯಲ್ಲ. ಉತ್ತೀರ್ಣ.

ಪಂಚಪ್ಪ ಖಾಯಂ ಆದ. ಮೇಜನ್ನು ಒಳಗಿಡಲು ಅಕ್ಬರ್ ಪಾಷಾನಿಗೆ ಹೇಳಲಾಯಿತು. ಅವನು ಮೂರು ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಟ್ಟು, ಎಲ್ಲವನ್ನೂ ತಲೆಯ ಮೇಲೆ ಹೊತ್ತು ಒಳಗೆ ನಡೆದ. ಪಂಚಪ್ಪ ಅಭ್ಯಾಸಬಲದಿಂದ 'ಹೋಯಿತು' ಎಂದು ಬರೆದುಕೊಂಡ.

ಸುದ್ದಿ ಗಂಗಾನಗರ ತಲುಪಲು ಹೊತ್ತು ಬೇಕಾಗಲಿಲ್ಲ. ಮೊದಲು ತಮಾಷೆಗೆ, ಆಮೇಲೆ ಮರ್ಯಾದೆಗೆ ಅವನನ್ನು ಪೈಲ್ವಾನ್ ಪಂಚಪ್ಪ ಎಂದು ಕರೆಯತೊಡಗಿದರು. ನೀರಿನ ಸಾಲಿನಲ್ಲಿ ಜಗಳವಾದರೆ ಅವನನ್ನು ಕರೆಸಿ ನಿಲ್ಲಿಸುತ್ತಿದ್ದರು. ಸರ್ಕಾರವೇ ಎತ್ತಬೇಡ ಎಂದು ಬೋರ್ಡು ಹಾಕಬೇಕಾಯಿತೆಂದರೆ ಅವನ ಕೈ ಎಂಥದಿರಬೇಕು ಎಂದು ಜನ ಲೆಕ್ಕ ಹಾಕುತ್ತಿದ್ದರು. ಪಂಚಪ್ಪನೂ ನಡೆಯುವಾಗ ತೋಳುಗಳನ್ನು ಮೈಗೆ ತಾಗದಂತೆ ಸ್ವಲ್ಪ ದೂರ ಹಿಡಿಯತೊಡಗಿದ. ಭಾವನಿಗೆ ಕಾಗದ ಬರೆದು, ಚಾಪೆಯನ್ನು ಸುತ್ತಿಡಬಹುದೆಂದು ತಿಳಿಸಿದ.

ಮಂಡಳಿಗೆ ಆಮೇಲೆ ಸೇರಿದ ಹಂಗಾಮಿ ನೌಕರರು ಮರುವರ್ಷದ ಪರೀಕ್ಷೆಗೆ ಬುದ್ಧಿ ಕಲಿತರು. ಆರ್.ಟಿ. ನಗರ, ಹೆಬ್ಬಾಳ, ಮತ್ತಿಕೆರೆಯ ಅಂಗಳಗಳಲ್ಲಿ ಮಲಗಿದ ಡಂಬೆಲ್ಸುಗಳು ಕಾಣಿಸಿಕೊಂಡವು. ಕೃಷ್ಣಯ್ಯನವರು ಅರ್ಜಿಯಲ್ಲಿ ಐದನೆಯ ಉದ್ದೇಶವನ್ನು ಅಚ್ಚು ಹಾಕಿಸಿದರು. 'ಬಲ' ಎಂಬುದು ಬಾವಿಗೂ ಗೋರಿಗೂ ನಡುವೆ ಕೂತಿತು. ಸೋರಿಕೆ ಹೆಚ್ಚಿತು. ನೂರುಲ್ಲಾ ಡಾಲ್ಡಾ ಡಬ್ಬಕ್ಕಾಗಿ ಮದುವೆಮನೆಗಳಿಗೆ ಮುಂಗಡ ಕೊಡತೊಡಗಿದ. ಚಿಕ್ಕಮುನಿಯಪ್ಪ ತನ್ನ ಉಳಿದ ಮನೆಗಳನ್ನು 'ಡಂಬೆಲ್ಸ್ ಸಹಿತ' ಬಾಡಿಗೆಗೆ ಕೊಟ್ಟ. ಉಗ್ರಾಣದಲ್ಲಿ ಈಗ ಹನ್ನೆರಡು ಜನ ಪ್ರಮಾಣಿತ ಬಲಶಾಲಿಗಳಿದ್ದರು. ಚೀಲಗಳನ್ನು ಅಕ್ಬರ್ ಪಾಷಾ ಹೊರುತ್ತಿದ್ದ.

ಇನ್ನೂ ಸ್ವಲ್ಪ ಕಾಲಕ್ಕೆ ಸಿಮೆಂಟು ಅಂಗಡಿಗಳಲ್ಲಿ ಸಲೀಸಾಗಿ ಸಿಗುವಂತಾಯಿತು. ಆದರೂ ಮುರಿಗೆಪ್ಪ ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆಗೆ ಬಂದ. ಫಲಕ ಒರೆಸಿಸಿ, ಕುಕ್ಕರಗಾಲಲ್ಲಿ ಕೂತು, ಕೆಂಪು ಗೆರೆಯ ಸುತ್ತ ಬೆರಳಾಡಿಸುತ್ತಿದ್ದ. ಡಬ್ಬಗಳು ಗೆರೆಯೊಳಗೆ ಅಚ್ಚೊತ್ತಿದ ಹಾಗೆ ಕೂತಿರುತ್ತಿದ್ದವು.

"ಕೂದಲೆಳಿ ಕದಲಿಲ್ಲ ನೋಡ್ರಿ," ಎನ್ನುತ್ತಿದ್ದ. "ಇನ್ನೂ ಒಂದು ನೋಡ್ರಿ. ಕೆಳಗ ಒಂದು ಎಲಿ ಇಲ್ಲ, ಇರುವಿ ಗೂಡಿಲ್ಲ, ಧೂಳಿಲ್ಲ. ಇದು ಪರ್ಮಿಟ್ ಸಿಮೆಂಟಿನ ಗುಣಾ."

"ಹೌದ್ರಿ," ಎನ್ನುತ್ತಿದ್ದ ಪಂಚಪ್ಪ, ತೋಳುಗಳನ್ನು ಮೈಯಿಂದ ದೂರ ಹಿಡಿದು.

ರತ್ನವ್ವ ದಿನಾ ಬೆಳಿಗ್ಗೆ, ಗಂಡ ಏಳುವ ಮೊದಲು, ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಡಂಬೆಲ್ಸನ್ನು ಎತ್ತಿ ಮೆಟ್ಟಿಲ ಮೇಲಿಟ್ಟು, ಕೆಳಗಿನ ಕಸ ಗುಡಿಸಿ, ಮತ್ತೆ ಕೆಂಪು ಗೆರೆಯೊಳಗೆ ಇಡುತ್ತಿದ್ದಳು.